ಸಿಟ್ಟಿನ ಮುಖದಲ್ಲೊಂದು ಮಸಿ

ಮೈಸೂರಿನಲ್ಲಿ ಮನಶ್ಶಾಸ್ತ್ರ ಎಂ.ಎಸ್ಸಿ. ಓದುತ್ತಿರುವ ಅಕ್ಕನ ಮಗಳು ಕಳೆದ ತಿಂಗಳು ಫೋನ್ ಮಾಡಿ, ‘ಮಾವ, ಪ್ರಾಕ್ಟಿಕಲ್‌ಗೆ ಒಬ್ಬರು ಬೇಕು, ಸ್ವಲ್ಪ ಗಾಬರಿ ಸ್ವಭಾವದವರಾದರೆ ಒಳ್ಳೇದು’ ಅಂದಳು. ನನ್ನ ಹೆಸರು ಸೂಚಿಸಿದ್ದು ಅಕ್ಕನೇ ಇರಬೇಕು. ಮೇಲಧಿಕಾರಿ ಎದುರಿಗೆ ಸಿಕ್ಕು, ನಗದೆ ಮುಂದೆ ಹೋದರೆ ಅವತ್ತಿನ ಮಧ್ಯಾಹ್ನದ ಊಟ ಗಂಟಲಲ್ಲಿ ಇಳಿಯದ ಜಾತಿ ನನ್ನದು.

ಲ್ಯಾಬ್ ಅಂದರೆ ಕಾಲೇಜಿನ ಹಿಂಬದಿಯ ಒಂದು ಕೋಣೆ. ಕಿಟಕಿ ಗಾಜಿಗೆ ಕಪ್ಪು ಚಾರ್ಟ್ ಪೇಪರ್ ಅಂಟಿಸಿದ್ದರು. ಲ್ಯಾಪ್‌ಟಾಪ್ ಪರದೆಯ ನಡುವೆ ಒಂದು ಕೂಡು ಚಿಹ್ನೆ. ಅದು ಅಳಿದು ಎಡಕ್ಕೊಂದು, ಬಲಕ್ಕೊಂದು ಮುಖ. ಇಬ್ಬರೂ ಒಬ್ಬನೇ, ಒಂದರಲ್ಲಿ ಸಿಟ್ಟು, ಇನ್ನೊಂದರಲ್ಲಿ ಏನೂ ಇಲ್ಲ. ಅರ್ಧ ಸೆಕೆಂಡಿಗೆ ಎರಡೂ ಹೋಗಿ, ಒಂದು ಮುಖವಿದ್ದ ಜಾಗದಲ್ಲಿ ಚುಕ್ಕಿ ಬರುತ್ತದೆ. ಚುಕ್ಕಿ ಇರುವ ಕಡೆಯ ಗುಂಡಿ ಒತ್ತಬೇಕು, ಅಷ್ಟೇ. ಸಿಟ್ಟಿನ ಮುಖವಿದ್ದಲ್ಲೇ ಚುಕ್ಕಿ ಬಂದಾಗ ಬೆರಳು ಬೇಗ ಓಡಿದರೆ, ಗಮನ ಮೊದಲೇ ಅಲ್ಲಿ ಹೋಗಿ ಕೂತಿತ್ತು ಎಂದು ಲೆಕ್ಕ. ವ್ಯತ್ಯಾಸವೆಲ್ಲ ಮಿಲಿಸೆಕೆಂಡುಗಳಲ್ಲಿ. ನಲವತ್ತು ಜೋಡಿ ಮುಗಿಯುವಷ್ಟರಲ್ಲಿ ನನ್ನ ಕಣ್ಣಲ್ಲಿ ನೀರು. ನೂರು ದಾಟಿದ ಮೇಲೆ ಆ ಸಿಟ್ಟಿನವನನ್ನು ಎಲ್ಲೋ ನೋಡಿದ್ದೇನೆ, ಅವನಿಗೆ ನನ್ನಿಂದ ದುಡ್ಡು ಬರಬೇಕಿದೆ ಅನ್ನಿಸತೊಡಗಿತು.

ಈ ಚುಕ್ಕಿಯಾಟವನ್ನು ಕಾಲಿನ್ ಮೆಕ್ಲಿಯಡ್, ಆಂಡ್ರ್ಯೂ ಮ್ಯಾಥ್ಯೂಸ್ ಮತ್ತು ಫಿಲಿಪ್ ಟಾಟಾ 1986ರಲ್ಲಿ ಪ್ರಕಟಿಸಿದಾಗ ಅದರಲ್ಲಿ ಮುಖಗಳಿರಲಿಲ್ಲ, ಪದಗಳಿದ್ದವು. ಆತಂಕದ ಕಾಯಿಲೆಯವರ ಗಮನ ಭಯ ಹುಟ್ಟಿಸುವ ಪದದತ್ತ ವಾಲಿತು, ಖಿನ್ನತೆಯವರದು ವಾಲಲಿಲ್ಲ. ಪದದ ಜಾಗಕ್ಕೆ ಮುಖ ಬಂದದ್ದು ಆಮೇಲೆ. 2007ರಲ್ಲಿ ಯಾಯಿರ್ ಬಾರ್-ಹೈಮ್ ಮತ್ತು ಸಂಗಡಿಗರು ಬೇರೆ ಬೇರೆ ವಿಧಾನಗಳ 172 ಅಧ್ಯಯನಗಳನ್ನು ಒಟ್ಟಿಗೆ ತೂಗಿ, ಆತಂಕದವರಲ್ಲಿ ಈ ಒಲವು ಇದೆ, ಅಂಥ ಭಾರಿಯದೇನಲ್ಲ, ಉಳಿದವರಲ್ಲಿ ಕಾಣುವುದಿಲ್ಲ ಎಂದರು. ಮಿದುಳಿನಲ್ಲಿ ಭಯದ ಗಂಟೆ ಬಾರಿಸುವ ಅಮಿಗ್ಡಲಾದ ಕಥೆಯನ್ನು ನೀವೆಲ್ಲ ಸಾಕಷ್ಟು ಓದಿರುತ್ತೀರಿ, ಬಿಟ್ಟುಬಿಡುತ್ತೇನೆ.

ನನ್ನನ್ನು ಹಿಡಿದು ಕೂರಿಸಿದ್ದು ಬೇರೆಯೇ. ಹುಡುಗಿಯ ಫೈಲಿನಲ್ಲಿ ಎರಡು ಹಳೆಯ ಪ್ರಬಂಧಗಳ ಜೆರಾಕ್ಸ್ ಇದ್ದವು. ಮೊದಲನೆಯದು 1988ರದು, ಅಮೆರಿಕದ ಕ್ರಿಸ್ಟೀನ್ ಹ್ಯಾನ್ಸನ್ ಮತ್ತು ರನಾಲ್ಡ್ ಹ್ಯಾನ್ಸನ್ ಬರೆದದ್ದು. ನಗುಮುಖಗಳ ಗುಂಪಿನಲ್ಲಿ ಒಂದು ಸಿಟ್ಟಿನ ಮುಖವಿದ್ದರೆ ಅದು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಸಿಟ್ಟಿನ ಗುಂಪಿನಲ್ಲಿರುವ ನಗುಮುಖವನ್ನಾದರೋ ಹುಡುಕಬೇಕು. ಎಂಥ ಚಂದದ ಮಾತು! ಕೇಳಿದವರೆಲ್ಲ ತಲೆಯಾಡಿಸುವಂಥದ್ದು. ಎರಡನೆಯದು ಎಂಟು ವರ್ಷಗಳ ನಂತರದ್ದು. ಡೀನ್ ಪರ್ಸೆಲ್ ಮತ್ತು ಇಬ್ಬರು ಜೊತೆಗಾರರು ಸಿದ್ಧಾಂತವನ್ನು ಪಕ್ಕಕ್ಕಿಟ್ಟು ಆ ಚಿತ್ರಗಳನ್ನೇ ನೋಡಿದರು. ಹ್ಯಾನ್ಸನ್‌ರು ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಸಂಗ್ರಹದ ಮುಖಗಳ ಫೋಟೋಗಳಿಂದ ಬೂದು ಛಾಯೆ ತೆಗೆದು ಬರೀ ಕಪ್ಪು-ಬಿಳುಪು ಮಾಡುವಾಗ, ಸಿಟ್ಟಿನ ಮುಖದ ಕೆಳಭಾಗದಲ್ಲಿ ಕಪ್ಪು ಮಚ್ಚೆ ಬಿದ್ದಿತ್ತು. ಯಾರೂ ಬೇಕೆಂದು ಮಾಡಿದ್ದಲ್ಲ. ಛಾಯೆಗಳಿರುವ ಮೂಲ ಫೋಟೋಗಳನ್ನೇ ಇಟ್ಟು ಪರೀಕ್ಷಿಸಿದಾಗ ಆ ಚಮತ್ಕಾರ ನಡೆಯಲಿಲ್ಲ. ಜನ ಹುಡುಕಿ ಹಿಡಿದದ್ದು ಸಿಟ್ಟನ್ನಲ್ಲ, ಮಸಿಯನ್ನು.

ಇದರ ಅರ್ಥ ನಮಗೆ ಚೆನ್ನಾಗಿ ಆಗಬೇಕು. ಆಧಾರ್ ಕಾರ್ಡಿನ ಜೆರಾಕ್ಸ್ ನೋಡಿಲ್ಲವೆ? ಕಾರ್ಡಿನಲ್ಲಿ ಪಾಪದ ಮನುಷ್ಯ. ಪ್ರತಿಯ ಪ್ರತಿ ತೆಗೆದಂತೆ ಕಣ್ಣು ಗುಳಿ, ಮೂಗಿನ ಕೆಳಗೆ ಕತ್ತಲೆ, ಗಲ್ಲಕ್ಕೆ ಟಾರು. ಅವತ್ತು ರಾತ್ರಿ ಬೀರುವಿನಿಂದ ನನ್ನ ಐದು ಪ್ರತಿಗಳನ್ನು ತೆಗೆದು ಸಾಲಾಗಿ ಜೋಡಿಸಿದೆ. ಐದನೆಯವನಿಗೆ ನಾನಂತೂ ಮನೆ ಬಾಡಿಗೆಗೆ ಕೊಡುತ್ತಿರಲಿಲ್ಲ. ‘ಇದೇನ್ರೀ ಹೊಸದು?’ ಎಂದ ಹೆಂಡತಿಗೆ ಪರ್ಸೆಲ್ ಕಥೆ ಪೂರ್ತಿ ಹೇಳಿದೆ. ಪೂರ್ತಿ ಕೇಳಿದಳು ಎಂದು ಹೇಳಲಾರೆ.

ನ್ಯಾಯಕ್ಕೆ ಇದನ್ನೂ ಹೇಳಬೇಕು: 2001ರಲ್ಲಿ ಸ್ವೀಡನ್ನಿನ ಆರ್ನೆ ಓಮನ್ ತಂಡ ನೆರಳಿನ ತಂಟೆಯೇ ಇಲ್ಲದ ಗೆರೆಯ ಮುಖಗಳನ್ನು ಬರೆದು, ಗಂಟಿಕ್ಕಿದ ಹುಬ್ಬಿನ ಮುಖ ಬೇಗ ಸಿಗುತ್ತದೆ ಎಂದು ಮತ್ತೆ ತೋರಿಸಿತು. (ಹುಬ್ಬಿನ ಎರಡು ಗೆರೆಗೆ ಎಷ್ಟು ಬೆಲೆಯೆಂದು ಬಣ್ಣದ ಚೌಕಿಯಲ್ಲಿ ಕೂತ ಯಾವ ಯಕ್ಷಗಾನ ಕಲಾವಿದನನ್ನು ಕೇಳಿದ್ದರೂ ಹೇಳುತ್ತಿದ್ದ.) ಆದರೆ ಅದು ಗುಂಪಿನಲ್ಲಿ ಮುಖ ಹುಡುಕುವ ಆಟದ ಮಾತು. ನಾನು ಕೂತ ಚುಕ್ಕಿಯಾಟದ ಮೇಲೆ ಬೇರೆಯೇ ಅನುಮಾನಗಳಿವೆ. ಒಬ್ಬನೇ ಮನುಷ್ಯನನ್ನು ವಾರ ಬಿಟ್ಟು ಮತ್ತೆ ಕೂರಿಸಿದರೆ ಅಂಕ ತಾಳೆಯಾಗುವುದಿಲ್ಲ ಎಂದು ಸ್ಟೀಫನ್ ಶ್ಮುಕ್ಲೆ 2005ರಲ್ಲೇ ಬರೆದರು. 2019ರಲ್ಲಿ ಇನ್ನೊಂದು ತಂಡ ಚಿಕಿತ್ಸಾ ಪ್ರಯೋಗಗಳಿಗೆ ಸೇರಿದ ಆತಂಕದ ರೋಗಿಗಳ ಆರಂಭದ ಅಂಕಗಳನ್ನು ಕೂಡಿಸಿ ನೋಡಿದರೆ, ಬೆದರಿಕೆಯ ಕಡೆಗಿನ ಒಲವೇ ಕಾಣಲಿಲ್ಲ. ಆತಂಕದವನ ಕಣ್ಣು ಗಂಟುಮುಖವನ್ನು ಹುಡುಕುತ್ತದೆ ಎಂಬುದನ್ನು ನಾನು ನನ್ನ ಊಟದ ಸಾಕ್ಷಿಯ ಮೇಲೆ ನಂಬುತ್ತೇನೆ. ಅದನ್ನು ಅಪರಿಚಿತನ ಫೋಟೋ ಮತ್ತು ಚುಕ್ಕಿಯಿಂದ ಅಳೆಯಬಹುದು ಎಂಬುದನ್ನು ಮಾತ್ರ ನಂಬಲು ಕಷ್ಟ. ಆ ಫೋಟೋದವನು ನನ್ನ ಇನ್‌ಕ್ರಿಮೆಂಟ್ ನಿಲ್ಲಿಸಲಾರ.

ನನ್ನ ಅಂಕ? ಸಿಟ್ಟಿನ ಕಡೆ 11 ಮಿಲಿಸೆಕೆಂಡು ಬೇಗ. ‘ನಾಳೆ ಬಂದು ಕೂತರೆ ಇದು ತಿರುಗುಮುರುಗಾದರೂ ಆಗಬಹುದು ಮಾವ, ತಲೆಗೆ ಹಚ್ಚಿಕೋಬೇಡಿ’ ಅಂದಳು. ಇಡೀ ಪರೀಕ್ಷೆಯ ಹೊತ್ತು ಅವಳು ಹುಬ್ಬು ಗಂಟಿಕ್ಕಿಯೇ ನಿಂತಿದ್ದಳು. ಏನೋ ಎಡವಟ್ಟು ಮಾಡುತ್ತಿದ್ದೇನೆ ಎಂದುಕೊಂಡು ನಾನು ಪರದೆಗಿಂತ ಅವಳನ್ನೇ ಹೆಚ್ಚು ನೋಡಿದ್ದೆ. ಲ್ಯಾಪ್‌ಟಾಪ್ ಚಾರ್ಜು ಮುಗಿಯುತ್ತಿತ್ತಂತೆ.

ಬೀಗ ಹಾಕಿ ಹೊರಬಂದೆವು. ಕಾರಿಡಾರಿನಲ್ಲಿ ಎದುರಿನಿಂದ ಬಂದ ಹೆಂಗಸೊಬ್ಬರು ನಮ್ಮನ್ನು ದಾಟಿ ಹೋದರು. ಹುಡುಗಿ ನನ್ನ ತೋಳು ಹಿಡಿದಳು. ‘ನಮ್ಮ ಗೈಡ್. ಮುಖ ನೋಡಿದ್ರಾ ಮಾವ? ಸಿಟ್ಟಲ್ಲಿದ್ದಾರೆ ಅಲ್ವಾ?’

ನಾನು ನೋಡಿದ್ದು ಅವರ ಕೈಯಲ್ಲಿದ್ದ ಟಿಫಿನ್ ಡಬ್ಬಿಯನ್ನು ಮಾತ್ರ.