ಕಸದ ದ್ವೀಪದಿಂದ ಬಂದ ಹಾಡುಗಳು

ಪರಿಸರದ ಬಗ್ಗೆ ಬರುವ ಹಾಡುಗಳು ಎಷ್ಟೋ ಸಲ ಬುದ್ಧಿವಾದ ಹೇಳಿ ಮುಗಿದುಬಿಡುತ್ತವೆ. 2010ರ ಮಾರ್ಚಿನಲ್ಲಿ ಹೊರಬಂದ ಗೊರಿಲ್ಲಾಜ್ ತಂಡದ ‘ಪ್ಲಾಸ್ಟಿಕ್ ಬೀಚ್’ ಹಾಗಲ್ಲ. ಕುಣಿಯುವಂತೆ ಮಾಡಿ, ಕುಣಿತದ ನಡುವೆಯೇ ಸಂಕಟ ಹುಟ್ಟಿಸುವ ಆಲ್ಬಮ್ ಅದು. ನಾನು ಇಂದಿಗೂ ಅದನ್ನು ಕೇಳುವುದು ಅದಕ್ಕಾಗಿಯೇ.

ಗೊರಿಲ್ಲಾಜ್‌ನ ರೀತಿಯೇ ವಿಚಿತ್ರ. ಮುಖಪುಟದಲ್ಲಿ, ವಿಡಿಯೊಗಳಲ್ಲಿ ಕಾಣುವ ನಾಲ್ವರೂ ಕಾರ್ಟೂನ್ ಪಾತ್ರಗಳು. ಅವರ ಬೆನ್ನಹಿಂದೆ ಇರುವವರು ಬ್ಲರ್ ತಂಡದ ಗಾಯಕ ಡೇಮನ್ ಆಲ್ಬರ್ನ್ ಮತ್ತು ಚಿತ್ರಕಾರ ಜೇಮಿ ಹ್ಯೂಲೆಟ್.

ಈ ಆಲ್ಬಮ್ ಹುಟ್ಟಿದ್ದು ಹೀಗೆ: ಇಂಗ್ಲೆಂಡಿನ ಡೆವನ್ ತೀರದ ಮರಳಿನಲ್ಲಿ ಆಲ್ಬರ್ನ್ ಪ್ಲಾಸ್ಟಿಕ್ ಚೂರುಗಳನ್ನು ಕಂಡರು. ಮಾಲಿ ದೇಶದ ಕಸದ ರಾಶಿಯಲ್ಲಿ ಜನ ಬಟ್ಟೆ, ಲೋಹದ ಚೂರುಗಳನ್ನೂ ಬಿಡದೆ ಆಯ್ದು ಮತ್ತೆ ಬಳಸುವುದನ್ನು ನೋಡಿದರು. ಲಂಡನ್ ಹೊರವಲಯದ ಕಸದ ಗುಡ್ಡದಲ್ಲೋ ಹಾವು, ಕಪ್ಪೆ, ನರಿಗಳು ಸಂಸಾರ ಹೂಡಿದ್ದವು. ಪ್ಲಾಸ್ಟಿಕ್ಕೂ ಪ್ರಕೃತಿಯಿಂದಲೇ ಬಂದದ್ದಲ್ಲವೇ ಎಂಬ ಯೋಚನೆ ಅವರನ್ನು ಹಿಡಿದುಕೊಂಡಿತು.

ಆಲ್ಬಮ್‌ನ ಕಥೆ ನಡೆಯುವುದು ದಕ್ಷಿಣ ಪೆಸಿಫಿಕ್‌ನ ‘ಪಾಯಿಂಟ್ ನೆಮೊ’ದಲ್ಲಿ. ಅಲ್ಲಿಂದ ಅತಿ ಹತ್ತಿರದ ನೆಲಕ್ಕೇ ಸುಮಾರು 2,700 ಕಿಲೋಮೀಟರ್. ಮನುಷ್ಯರು ಎಸೆದ ಕಸವೆಲ್ಲ ಗಟ್ಟಿಯಾಗಿ ಆದ ದ್ವೀಪವೊಂದರಲ್ಲಿ ಕಾರ್ಟೂನ್ ತಂಡದ ಬಾಸ್ ವಾದಕ ಮರ್ಡಾಕ್ ಮನೆ ಮಾಡಿದ್ದಾನೆ. ಗಾಯಕ ಟು-ಡಿಯನ್ನು ಹೊತ್ತು ತಂದು ನೀರಡಿಯ ಕೋಣೆಯಲ್ಲಿ ಕೂಡಿಹಾಕಿ, ತಿಮಿಂಗಿಲವನ್ನು ಕಾವಲಿಗೆ ಬಿಟ್ಟಿದ್ದಾನೆ. ಟು-ಡಿಗೆ ತಿಮಿಂಗಿಲವೆಂದರೆ ಪ್ರಾಣಭಯ.

ಈ ಹುಚ್ಚು ಕಥೆಯೊಳಗಿನ ಸಂಗೀತ ಮಾತ್ರ ಬಲು ಗಂಭೀರ. ‘ವೈಟ್ ಫ್ಲ್ಯಾಗ್’ ಕೇಳಿ: ಲೆಬನಾನಿನ ಅರಬ್ ವಾದ್ಯವೃಂದದ ಕೊಳಲು, ತಂತಿವಾದ್ಯಗಳು ನಿಧಾನವಾಗಿ ಏಳುತ್ತವೆ; ಥಟ್ಟನೆ ಎಲೆಕ್ಟ್ರಾನಿಕ್ ತಾಳ ನುಗ್ಗಿ, ಲಂಡನ್ನಿನ ಬ್ಯಾಶಿ ಮತ್ತು ಕ್ಯಾನೊ ರ್‍ಯಾಪ್ ಶುರುಮಾಡುತ್ತಾರೆ; ಕೊನೆಗೆ ವಾದ್ಯವೃಂದ ಮರಳುತ್ತದೆ. ಮರದ ನಾದ, ಯಂತ್ರದ ನಾದ ಎರಡೂ ಒಂದೇ ನೆಲದಲ್ಲಿ ಬಾಳಬೇಕಾದ ಸ್ಥಿತಿ ಮೂರ್ನಾಲ್ಕು ನಿಮಿಷದಲ್ಲಿ ಕಿವಿಗೆ ದಕ್ಕುತ್ತದೆ. ‘ಸೂಪರ್‌ಫಾಸ್ಟ್ ಜೆಲ್ಲಿಫಿಶ್’ ಶುರುವಾಗುವುದೇ ಮೈಕ್ರೋವೇವ್ ತಿಂಡಿಯ ಹಳೆಯ ಜಾಹೀರಾತಿನಿಂದ. ಹಾಡು ಲವಲವಿಕೆಯದು, ಗುನುಗುವಂಥದ್ದು. ಆದರೆ ಬಿಸಿಮಾಡಿ ತಿಂದು ಪೊಟ್ಟಣ ಎಸೆಯುವ ನಮ್ಮ ಅವಸರವೇ ಅದರ ವಸ್ತು.

ಲೂ ರೀಡ್, ಬಾಬಿ ವೊಮ್ಯಾಕ್, ಸ್ನೂಪ್ ಡಾಗ್‌ರಂಥ ಒಂದಕ್ಕೊಂದು ತಾಳೆಯಾಗದ ದನಿಗಳು ಇಲ್ಲಿ ಸೇರಿರುವುದೂ ಹೊಂದುತ್ತದೆ. ಅಲೆಗಳು ಎಲ್ಲೆಲ್ಲಿಂದಲೋ ತಂದು ಸೇರಿಸಿದ ದ್ವೀಪವಲ್ಲವೇ ಅದು!

ಇಲ್ಲಿ ಯಾರೂ ಬೆರಳು ತೋರಿಸಿ ಗದರುವುದಿಲ್ಲ. ಕೃತಕವಾದದ್ದು ಎಷ್ಟು ಸವಿಯಾಗಿ ನಮ್ಮನ್ನು ಸೆಳೆಯುತ್ತದೆ ಎಂಬುದನ್ನು ಆಲ್ಬರ್ನ್ ಆ ಸವಿಯಿಂದಲೇ ತೋರಿಸುತ್ತಾರೆ. ಬಿಡಿ ಹಾಡುಗಳನ್ನು ಆರಿಸಿಕೊಳ್ಳದೆ ಹದಿನಾರನ್ನೂ ಕ್ರಮವಾಗಿ ಕೇಳಿ. ಒಂದು ಗಂಟೆಯೊಳಗೆ ಮುಗಿಯುತ್ತದೆ, ಆ ಹೊತ್ತು ವ್ಯರ್ಥವಾಗದು.