ಹುಳಿ ಮಣ್ಣಿಗೆ ಸುಣ್ಣದ ಲೆಕ್ಕ

ತೀರ್ಥಹಳ್ಳಿ ಕಡೆಯ ನಮ್ಮ ಹಿತ್ತಲಲ್ಲಿ ಕೆಸು ಬೇಡವೆಂದರೂ ಬೆಳೆಯುತ್ತದೆ. ಬೀನ್ಸ್, ಎಲೆಕೋಸು ಮಾತ್ರ ಏಳುವುದಿಲ್ಲ. 'ಗೊಬ್ಬರ ಸಾಲದು' ಎಂದು ಇನ್ನೊಂದು ಬುಟ್ಟಿ ಸುರಿಯುವುದು ಊರಿನ ವಾಡಿಕೆ. ನಾನು ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಎನ್ನುವವಳು.

ಮಲೆನಾಡಿನ ಮಳೆ ಕ್ಯಾಲ್ಸಿಯಂ, ಮೆಗ್ನೀಷಿಯಂಗಳನ್ನು ತೊಳೆದೊಯ್ದು ಮಣ್ಣನ್ನು ಹುಳಿಯಾಗಿಸುತ್ತದೆ. ಉಳಿದ ಕಬ್ಬಿಣ, ಅಲ್ಯುಮಿನಿಯಂ ನಾವು ಹಾಕಿದ ರಂಜಕವನ್ನು ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಹೆಚ್ಚಿನ ತರಕಾರಿಗಳಿಗೆ ಮಣ್ಣಿನ ರಸಸಾರ (pH) 6ರಿಂದ 7ರೊಳಗಿದ್ದರೆ ಹಿತ. 5 ಎಂದರೆ 6ಕ್ಕಿಂತ ಹತ್ತು ಪಟ್ಟು ಹುಳಿ.

ಮಾದರಿ ತೆಗೆಯುವುದರಲ್ಲೇ ಅರ್ಧ ಕೆಲಸ. ತರಗೆಲೆ ಸರಿಸಿ, 'ವಿ' ಆಕಾರದಲ್ಲಿ 15 ಸೆಂ.ಮೀ. ಆಳದ ಗುಂಡಿ ತೋಡಿ, ಅದರ ಗೋಡೆಯಿಂದ ಮೇಲಿನಿಂದ ಕೆಳಗಿನವರೆಗೂ ಒಂದೇ ದಪ್ಪದ ಹೋಳು ಕೆತ್ತಬೇಕು. ಗೊಬ್ಬರಗುಂಡಿಯ ಪಕ್ಕ, ಮರದ ಬುಡ ಬೇಡ. ಎಂಟು–ಹತ್ತು ಕಡೆಯ ಮಣ್ಣನ್ನು ಬೆರೆಸಿ ಹರಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡನ್ನು ಬಿಸಾಡಬೇಕು. ಅರ್ಧ ಕೆ.ಜಿ. ಉಳಿಯುವವರೆಗೂ ಇದೇ ಆಟ. ನೆರಳಲ್ಲಿ ಒಣಗಿಸಿ ಪ್ರಯೋಗಾಲಯಕ್ಕೆ ಕೊಟ್ಟರೆ ರಸಸಾರದ ಜೊತೆ ಸಾವಯವ ಇಂಗಾಲ, ರಂಜಕ, ಪೊಟ್ಯಾಷ್ ಲೆಕ್ಕವೂ ಬರುತ್ತದೆ.

ಹುಳಿ ತಗ್ಗಿಸಲು ಹಾಕುವ ಸುಣ್ಣದ ಪ್ರಮಾಣವನ್ನು ವರದಿಯೇ ಹೇಳಲಿ. ಜೇಡಿಗೆ ಹೆಚ್ಚು, ಮರಳಿಗೆ ಕಡಿಮೆ. ಮೆಗ್ನೀಷಿಯಂ ಕೊರತೆಯಿದ್ದರೆ ಡಾಲೊಮೈಟ್ ವಾಸಿ. ನಾಟಿಗೆ ಮೂರ್ನಾಲ್ಕು ವಾರ ಮೊದಲೇ ಹದವಿರುವ ಮಣ್ಣಿಗೆ ಬೆರೆಸಿ. ಹಸಿ ಸಗಣಿ, ಯೂರಿಯಾ ಜೊತೆಗೆ ಹಾಕಿದರೆ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ. ಒಲೆಯ ಬೂದಿಯೂ ಹುಳಿ ತಗ್ಗಿಸುತ್ತದೆ, ಪೊಟ್ಯಾಷ್ ಕೊಡುತ್ತದೆ. ಆದರೆ ಆಲೂಗಡ್ಡೆ ಮಡಿಗೆ ಮಾತ್ರ ಎರಚಬೇಡಿ, ಹುಳಿ ತಗ್ಗಿದರೆ ಗೆಡ್ಡೆಗೆ ಕಜ್ಜಿರೋಗ ಹೆಚ್ಚು.