ಕಾಣದ ಕಣದ ತೂಕ

ಖಾನಾಪುರದ ಕುಂಬಾರಿಕೆ ಹೆಸರಾದುದು. ಮಡಕೆ ಕೊಳ್ಳುವವರು ಅದನ್ನು ಬೆರಳಿನಿಂದ ತಟ್ಟಿ, ಹೊರಡುವ ನಾದವನ್ನು ಕೇಳಿ, ಬಿರುಕಿದೆಯೋ ಇಲ್ಲವೋ ಎಂಬುದನ್ನು ನಿರ್ಣಯಿಸುತ್ತಾರೆ. ವಸ್ತುವನ್ನು ಒಡೆಯದೆಯೇ ಅದರ ಒಳಗುಟ್ಟನ್ನರಿಯುವ ಇಂತಹ ಉಪಾಯಗಳು ವಿಜ್ಞಾನದಲ್ಲಿಯೂ ಉಂಟು. ಅರೆವಾಹಕಗಳನ್ನು ಕಾಂತಕ್ಷೇತ್ರ ಹಾಗೂ ಬೆಳಕಿನಿಂದ ಪರೀಕ್ಷಿಸುವುದು ಅವುಗಳಲ್ಲೊಂದು.

ತಾಮ್ರವು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ, ಗಾಜು ತಡೆಯುತ್ತದೆ. ಇವೆರಡರ ನಡುವಣ ಗುಣವುಳ್ಳ ಸಿಲಿಕಾನ್, ಜರ್ಮೇನಿಯಂ, ಗ್ಯಾಲಿಯಂ ಆರ್ಸೆನೈಡ್ ಮೊದಲಾದವು ಅರೆವಾಹಕಗಳು. ಗಣಕಯಂತ್ರ, ಮೊಬೈಲ್ ಫೋನುಗಳೆಲ್ಲ ಅರೆವಾಹಕಗಳನ್ನೇ ನೆಚ್ಚಿಕೊಂಡಿವೆ. ಇಂತಹ ಹರಳಿನೊಳಗೆ ಚಲಿಸುವ ಎಲೆಕ್ಟ್ರಾನಿನ ನಡೆಯನ್ನು ಸುತ್ತಲಿನ ಪರಮಾಣುಗಳ ಸಾಲುಗಳು ಬದಲಿಸುತ್ತವೆ. ಆದ್ದರಿಂದ ಅದು ತನ್ನ ಸಹಜ ತೂಕಕ್ಕಿಂತ ಹಗುರವಾದಂತೆಯೋ ಭಾರವಾದಂತೆಯೋ ವರ್ತಿಸುತ್ತದೆ. ಈ ತೋರಿಕೆಯ ತೂಕವನ್ನು ‘ಪರಿಣಾಮಿ ದ್ರವ್ಯರಾಶಿ’ ಎನ್ನುವರು. ಅದನ್ನು ತೂಗುವ ತಕ್ಕಡಿ ಯಾವುದು?

ಕಾಂತಕ್ಕೂ ಬೆಳಕಿಗೂ ನಂಟುಂಟೆಂದು 1845ರಲ್ಲಿಯೇ ಮೈಕೇಲ್ ಫ್ಯಾರಡೆ ಗಾಜಿನ ತುಂಡೊಂದರಲ್ಲಿ ತೋರಿಸಿದ್ದನು. ಕಾಂತಕ್ಷೇತ್ರಕ್ಕೆ ಸಿಲುಕಿದ ಎಲೆಕ್ಟ್ರಾನು ಸುತ್ತತೊಡಗುತ್ತದೆ. ಕ್ಷೇತ್ರವು ಪ್ರಬಲವಾದಷ್ಟೂ ಸುತ್ತು ಬೇಗ; ಎಲೆಕ್ಟ್ರಾನು ಭಾರವಾದಷ್ಟೂ ಸುತ್ತು ನಿಧಾನ. ನಾಗರಪಂಚಮಿಯ ಜೋಕಾಲಿಯು ಅದರ ಲಯವರಿತು ತೂಗಿದಾಗ ಮೇಲೇರುತ್ತದೆಯಷ್ಟೆ. ಹಾಗೆಯೇ ಬೆಳಕಿನ ಆವರ್ತಾಂಕವು ಎಲೆಕ್ಟ್ರಾನಿನ ಸುತ್ತಿನ ಲಯಕ್ಕೆ ಹೊಂದಿದಾಗ ಎಲೆಕ್ಟ್ರಾನು ಆ ಬೆಳಕನ್ನು ಹೀರಿಕೊಳ್ಳುತ್ತದೆ. ಹರಳನ್ನು ಹಾಯ್ದು ಬರುವ ಬೆಳಕು ಕುಂದುತ್ತದೆ. ಎಷ್ಟು ಕ್ಷೇತ್ರದಲ್ಲಿ ಯಾವ ಆವರ್ತಾಂಕದ ಬೆಳಕು ಕುಂದಿತೆಂಬುದನ್ನು ಅಳೆದರೆ ಆ ತೂಕ ತಿಳಿದಂತೆಯೇ. ಇದೇ ಸೈಕ್ಲೋಟ್ರಾನ್ ಅನುರಣನ. ಬೆಳಕಿನ ಬಂಧುಗಳೇ ಆದ ಮೈಕ್ರೋತರಂಗಗಳಿಂದ ಸಿಲಿಕಾನ್, ಜರ್ಮೇನಿಯಂಗಳನ್ನು ಹೀಗೆ ಪರೀಕ್ಷಿಸಿದ ಫಲವನ್ನು ಅಮೆರಿಕದ ಡ್ರೆಸೆಲ್‌ಹಾಸ್, ಕಿಪ್ ಮತ್ತು ಕಿಟೆಲ್ 1955ರಲ್ಲಿ ಪ್ರಕಟಿಸಿದರು.

ಸುತ್ತು ಮುಗಿಯುವ ಮೊದಲೇ ಎಲೆಕ್ಟ್ರಾನು ಕಶ್ಮಲಕ್ಕೆ ತಾಗಿದರೆ ಲಯ ಕೆಡುತ್ತದೆ. ಹರಳಿನ ಪರಮಾಣುಗಳ ಕಂಪನವೂ ಅದನ್ನು ಕೆಡಿಸಬಲ್ಲುದು. ಆದುದರಿಂದ ಹರಳು ಶುದ್ಧವಾಗಿರಬೇಕು. ದ್ರವ ಹೀಲಿಯಮ್ಮಿನಿಂದ ಅದನ್ನು ಸುಮಾರು −269 ಡಿಗ್ರಿ ಸೆಲ್ಸಿಯಸ್‌ಗೆ ತಣಿಸುವುದುಂಟು. ಕ್ಷೇತ್ರವೂ ಪ್ರಬಲವಾಗಿರಬೇಕು. 10 ಟೆಸ್ಲಾ ಕ್ಷೇತ್ರವು ನಮ್ಮ ನಾಡಿನಲ್ಲಿ ಭೂಮಿಯ ಕಾಂತಕ್ಷೇತ್ರವಿರುವುದಕ್ಕಿಂತ ಎರಡು ಲಕ್ಷ ಪಟ್ಟಿಗೂ ಮಿಗಿಲು. ಅಂತಹ ಕ್ಷೇತ್ರದಲ್ಲಿ ಗ್ಯಾಲಿಯಂ ಆರ್ಸೆನೈಡಿನ ಎಲೆಕ್ಟ್ರಾನು ಹೀರುವುದು ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು. ಅಲ್ಲಿ ಅದರ ತೋರಿಕೆಯ ತೂಕವು ಸಹಜ ತೂಕದ ಸುಮಾರು ಹದಿನೈದರಲ್ಲೊಂದು ಪಾಲು ಮಾತ್ರ. ಹಗುರವಾದುದು ಚುರುಕಾಗಿ ಓಡುತ್ತದೆ. ಅತಿವೇಗದ ವಿದ್ಯುನ್ಮಂಡಲಗಳಿಗೆ ಈ ಅರೆವಾಹಕವನ್ನು ಆರಿಸಲು ಇದೂ ಒಂದು ಕಾರಣ.

ಬೆಳಗಾವಿ ನಗರದ ಕಾರ್ಖಾನೆಯಲ್ಲಿ ಬಾಕ್ಸೈಟ್ ಅದಿರಿನಿಂದ ಅಲ್ಯೂಮಿನಾ ತಯಾರಾಗುತ್ತದೆ. ಬಾಕ್ಸೈಟಿನಲ್ಲಿ ಗ್ಯಾಲಿಯಂ ಅತ್ಯಲ್ಪವಾಗಿ ಬೆರೆತಿರುತ್ತದೆ. ಜಗತ್ತಿನ ಗ್ಯಾಲಿಯಂ ಬಹುಪಾಲು ಬಾಕ್ಸೈಟನ್ನು ಸಂಸ್ಕರಿಸುವಾಗಲೇ ದೊರೆಯುವಂಥದು. ಕಾಲಡಿಯ ಕೆಂಪುಕಲ್ಲಿನಲ್ಲಿ ಇಂತಹ ಧಾತು ಅಡಗಿರಬಹುದು. ಆದರೆ ಧಾತು ದೊರೆತ ಮಾತ್ರಕ್ಕೆ ಉಪಕರಣವಾಗದು. ಅದರ ಗುಣವನ್ನು ಅಳೆದು ಅರಿತವನ ಕೈಯಲ್ಲಿ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ.